ಫರಸಿ ಕಾಲೊನಿಯ ತಲೆ ಎಣಿಕೆ

ಕಲ್ಲಿನ ಧೂಳು ಕೂತ ಗೋಡೆಯ ಮೇಲೆ ಬಣ್ಣ ನಿಲ್ಲುವುದಿಲ್ಲ. ಪುರಸಭೆಯವರು ಕೆಂಪು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಕೈಗಿಟ್ಟ ದಿನವೇ ಈ ಮಾತು ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆ ಮನೆಗೆ ನಂಬರು ಹಾಕಬೇಕು, ಆಮೇಲೆ ತಲೆ ಎಣಿಸಬೇಕು, ನಂಬರು ಕೆಂಪು ಬಣ್ಣದಲ್ಲೇ ಇರಬೇಕು ಎಂದರು.

ನಮ್ಮ ಊರು ವಾಡಿ, ಶಹಾಬಾದ್, ಚಿತ್ತಾಪುರಗಳ ನಡುವಿನ ಸುಣ್ಣಕಲ್ಲಿನ ನೆಲದ ಮೇಲಿದೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಊರ ಹೊರಗೆ, ಡಾಂಬರು ರಸ್ತೆಯಿಂದ ಒಳಕ್ಕೆ ನಮ್ಮ ಫರಸಿ ಕಾಲೊನಿ. ಕಲ್ಲುಗಣಿಯಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಎಬ್ಬಿಸುವವರು, ಪಾಲಿಶ್ ಮಶೀನಿನಲ್ಲಿ ಅದನ್ನು ಉಜ್ಜುವವರು, ಲಾರಿಗೆ ತುಂಬುವವರು ಇರುವ ಜಾಗ. ನಿಲ್ಲಿಸಿದ ಫರಸಿಗಳೇ ಗೋಡೆ, ಮೇಲೆ ತಗಡು. ಅಲ್ಲಿಯ ಅಂಗನವಾಡಿಯಲ್ಲಿ ನಾನು ಕೆಲಸ ಮಾಡುತ್ತೇನೆ, ಅಲ್ಲೇ ನನ್ನ ಮನೆ.

ಡಾಂಬರು ರಸ್ತೆಯಿಂದ ಕಾಲೊನಿಗೆ ಬರುವ ದಾರಿ ಗಣಿಯ ಒಡಕು ಕಲ್ಲು ಸುರಿದ ದಾರಿ. ದಾರಿಯ ಬಾಯಲ್ಲಿ ಊರಿನ ಗಡಿ ಕಲ್ಲು ಇತ್ತು. ಮನೆಗಳು ಪಂಚಾಯಿತಿಗೆ ಸೇರಿದವು, ದಾರಿಯ ಜಮೀನು ಮಾತ್ರ ಕಲ್ಲಿನ ಈಚೆಗಿದ್ದರೂ ದಾಖಲೆಯಲ್ಲಿ ಊರಿನ ಲೆಕ್ಕದ್ದು. ಪಂಚಾಯಿತಿಗೆ ಹೋದರೆ ಊರಿನವರನ್ನು ಕೇಳಿ ಅನ್ನುತ್ತಿದ್ದರು. ಊರಿನ ಪುರಸಭೆಗೆ ಹೋದರೆ ನೀವು ನಮ್ಮವರಲ್ಲ ಅನ್ನುತ್ತಿದ್ದರು. ಹೀಗೆ ಆ ದಾರಿಗೆ ಒಂದು ಬುಟ್ಟಿ ಮುರುಮು ಮಣ್ಣೂ ಬೀಳಲಿಲ್ಲ. ಎಲ್ಲೆಲ್ಲಿಯ ಮನೆಗಳ ನೆಲಕ್ಕೋ ನಮ್ಮ ಜನ ತೆಗೆದ ಫರಸಿ ಹಾಸಿದ್ದಾರೆ. ನಮ್ಮ ಜನ ಚೂಪು ಕಲ್ಲಿನ ಮೇಲೆ ನಡೆಯುತ್ತಾರೆ.

ನಮ್ಮ ಮನೆಯವರು, ನನ್ನ ಗಂಡ, ಪಾಲಿಶ್ ಮಶೀನಿನಲ್ಲಿ ಕೆಲಸ ಮಾಡಿದವರು. ಕೊನೆಯ ಕೆಲವು ವರ್ಷ ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದರು. ಒಂದು ಮುಂಜಾನೆ ಉಸಿರು ಸಿಗದಾಯಿತು. ಆಂಬುಲೆನ್ಸ್ ಬಂತು, ಗಡಿ ಕಲ್ಲಿನ ಹತ್ತಿರ ನಿಂತಿತು. ಚಾಲಕ ಫೋನಿನಲ್ಲಿ, "ಒಳಗ ಬಂದ್ರ ಟಯರ್ ಹೋಗ್ತಾವ್ರಿ ಅಕ್ಕಾ, ನೀವೇ ತರ್ರಿ," ಅಂದ. ತಪ್ಪು ಅವನದಲ್ಲ. ಕಲ್ಲು ಸಾಗಿಸುವ ಕೈಗಾಡಿಯ ಮೇಲೆ ಕೌದಿ ಹಾಸಿ ಅವರನ್ನು ಮಲಗಿಸಿದೆವು. ಅವರ ಗೆಳೆಯನೇ ಗಾಡಿ ಎಳೆದ. ಪ್ರತಿ ಕಲ್ಲಿಗೂ ಗಾಡಿ ಎತ್ತಿ ಹಾಕುತ್ತಿತ್ತು, ಪ್ರತಿ ಸಲವೂ ಅವರು ನನ್ನ ಕೈ ಒತ್ತುತ್ತಿದ್ದರು. ಗಡಿ ಕಲ್ಲು ಕಾಣುವ ಹೊತ್ತಿಗೆ ಒತ್ತುವುದು ನಿಂತಿತು. ಆಂಬುಲೆನ್ಸಿನ ಬಾಗಿಲು ತೆರೆದೇ ಇತ್ತು.

ಇದಾಗಿ ಎರಡು ತಿಂಗಳು ತುಂಬುವ ಮೊದಲೇ ಎಣಿಕೆಯ ಕೆಲಸ ಬಂತು.

ಪುರಸಭೆಯ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ ಮೇಲ್ವಿಚಾರಕ ಸಾಹೇಬರು ತರಬೇತಿ ಕೊಟ್ಟರು. ಮೊದಲು ಜಾಗದ ನಕಾಶೆ ಬರೆಯಬೇಕು. ವಾಯವ್ಯದ ಮೂಲೆಯಿಂದ ಶುರು ಮಾಡಿ, ಯಾವ ಮನೆಯೂ ತಪ್ಪದಂತೆ ಓಣಿ ಓಣಿ ಸುತ್ತಿ ನಂಬರು ಹಾಕಬೇಕು. ಒಂದು ಗೋಡೆಯೊಳಗೆ ಎರಡು ಒಲೆ ಉರಿದರೆ ಎರಡು ಕುಟುಂಬ, ಎರಡು ಮನೆಯವರು ಒಂದೇ ಒಲೆಯಲ್ಲಿ ಉಂಡರೆ ಒಂದು ಕುಟುಂಬ. ಆರು ತಿಂಗಳಿಗಿಂತ ಹೆಚ್ಚು ಇದ್ದವರನ್ನು ಬರೆಯಬೇಕು. ಗೊತ್ತಿದ್ದರೂ ಬಾಗಿಲಲ್ಲಿ ನಿಂತು ಕೇಳಿಯೇ ಬರೆಯಬೇಕು.

ಕಡೆಗೆ ಅವರು ಧ್ವನಿ ಇಳಿಸಿದರು. "ನಗರಸಭೆ ಆಗಬೇಕಂದ್ರ ಐವತ್ತು ಸಾವಿರ ತಲಿ ಬೇಕು. ಶಹಾಬಾದ್ ಎಂದೋ ಆಗ್ಯಾದ. ನಾವೇ ಹಿಂದ ಉಳದೀವಿ. ಒಂದು ತಲಿನೂ ಬಿಟ್ಟು ಹೋಗಬಾರದು. ಸುತ್ತಲಿನ ಕಾಲೊನಿ ಎಲ್ಲಾ ಸೇರಿಸಿ ಸರ್ಕಾರಕ್ಕ ಲೆಕ್ಕ ಕಳಿಸಾಕತ್ತೀವಿ."

ನಾನು ಎದ್ದು ನಿಂತು ನಮ್ಮ ದಾರಿಯ ವಿಷಯ ಕೇಳಿದೆ.

"ಟೀಚರ್, ನಿಮ್ಮ ಕಾಲೊನಿ ಊರಾಗ ಬಂದ್ರ ರಸ್ತಾ ಕೇಳೋದೇ ಬೇಕಾಗಂಗಿಲ್ಲ. ತಾನೇ ಬರ್ತದ. ಮೊದಲ ನೀವು ಬರ್ರಿ."

ನಂಬಿದೆ. ನಂಬದೆ ಬೇರೆ ದಾರಿಯೂ ಇರಲಿಲ್ಲ. ಇನ್ನೊಬ್ಬರು ಯಾರೂ ಆ ಗಾಡಿಯ ಮೇಲೆ ಹೋಗಬಾರದು, ಅಷ್ಟೇ ನನ್ನ ಆಸೆ.

ಮೊದಲ ದಿನ ಹಾಕಿದ ನಂಬರುಗಳು ಮರುದಿನ ಹೊತ್ತಿಗೆ ಹಕ್ಕಳೆ ಎದ್ದು ಉದುರಿದವು. ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿ ಮತ್ತೆ ಹಾಕಿದೆ. ಒರೆಸಿದಷ್ಟೂ ಒಳಗಿನಿಂದ ಧೂಳು ಬರುತ್ತಿತ್ತು. ಓಣಿಯ ತುದಿಯಲ್ಲಿ ಹಾಸುಗಲ್ಲಿನ ಮೇಲೆ ಕೂತು ನೋಡುತ್ತಿದ್ದ ಚಾಚಾ ನಕ್ಕರು. ಅವರು ಕಾಲೊನಿಯಲ್ಲೇ ಹಳೆಯ ಕಲ್ಲುಕುಟಿಗರು. ಕಬರಸ್ತಾನದ ಕಲ್ಲಿಗೂ ಗುಡಿಯ ಮೆಟ್ಟಿಲಿಗೂ ಅಕ್ಷರ ಕೊರೆದವರು ಅವರೇ.

"ಬೇಟಿ, ನಿನ್ನ ಕೈ ಕೆಂಪ ಆಯ್ತೇ ಹೊರತು ಗೋಡಿ ಆಗಲಿಲ್ಲ. ಕಲ್ಲಿಗಿ ಬಣ್ಣ ತಿಳಿಯಂಗಿಲ್ಲ. ಚಾಣ ತಿಳಿತದ."

"ಚಾಚಾ, ಬಣ್ಣದಾಗೇ ಬರೀಬೇಕಂತ ಹೇಳ್ಯಾರ್ರಿ."

"ಅವರಿಗಿ ನಂಬರ್ ಬೇಕೋ, ಬಣ್ಣ ಬೇಕೋ? ಕೇಳ್ಕೊಂಡು ಬಾ. ಅಲ್ಲಿತನ ನಾ ಕೆತ್ತಿರ್ತೀನಿ."

ನಾನು ಕೇಳಲು ಹೋಗಲಿಲ್ಲ. ನಮ್ಮ ಮನೆಯವರ ಕಲ್ಲು ಕೊರೆಯುವ ಚಾಣ ಮನೆಯಲ್ಲಿ ಮೇಲಿನ ಹಲಗೆಯ ಮೇಲೆ ಇತ್ತು, ಮಶೀನಿಗೆ ಹೋಗುವ ಮೊದಲು ಗಣಿಯಲ್ಲಿದ್ದಾಗಿನದು. ತಂದು ಕೊಟ್ಟೆ. ಚಾಚಾ ಅದರ ಬಾಯಿ ಸವರಿ ನೋಡಿದರು, ಯಾರದು ಎಂದು ಕೇಳಲಿಲ್ಲ. ನಾನು ನಕಾಶೆ ಹಿಡಿದು ಮುಂದೆ, ಅವರು ಸುತ್ತಿಗೆ ಹಿಡಿದು ಹಿಂದೆ. ಒಂದೊಂದು ಬಾಗಿಲ ಪಕ್ಕದಲ್ಲೂ ಅಂಕಿ ಬಿಳಿಯಾಗಿ ಮೂಡುತ್ತಾ ಹೋಯಿತು.

"ಇನ್ನ ಯಾರೂ ನೀವು ಊರವರಲ್ಲ ಅನ್ನಾಕ ಬರಂಗಿಲ್ಲ," ಅಂದರು ಚಾಚಾ. "ಅಳಿಸಬೇಕಂದ್ರ ಗೋಡಿನೇ ಕೆಡವಬೇಕು."

ನಂಬರು ಮುಗಿದ ಮೇಲೆ ತಲೆ ಎಣಿಕೆ. ಎಣಿಸಲು ಕೂತಾಗಲೇ ಗೊತ್ತಾದದ್ದು, ನಮ್ಮ ಜನ ಸಭಾಂಗಣದ ನಿಯಮದಂತೆ ಎಣಿಸುವುದಿಲ್ಲ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಒಂದು ಪದ್ಧತಿ ಇದೆ. ಸತ್ತವರ ತಾಟನ್ನು ವರ್ಷ ತುಂಬುವವರೆಗೆ ಎತ್ತಿಡುವುದಿಲ್ಲ. ಊಟದ ಹೊತ್ತಿಗೆ ಅವರ ಜಾಗದಲ್ಲಿ ತಾಟು ಇಟ್ಟು ಒಂದು ತುತ್ತು ಎಡೆ ಬಡಿಸುತ್ತಾರೆ. ವರ್ಷದ ಎಡೆ ಮುಗಿದ ದಿನ ತಾಟು ತೊಳೆದು ಮೇಲಿಡುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಅವರನ್ನೂ ಸೇರಿಸಿಯೇ ಹೇಳುತ್ತಾರೆ. ಬಿಟ್ಟು ಹೇಳಿದರೆ ಮನೆಯಿಂದ ಹೊರಗೆ ಹಾಕಿದ ಹಾಗೆ.

ಒಬ್ಬ ಮುದುಕಿ ಆರು ಮಂದಿ ಅಂದಳು. ಬೇಸಿಗೆಯಲ್ಲಿ ಗಣಿಯ ದಂಡೆ ಕುಸಿದು ಅವಳ ಹಿರಿಯ ಮಗ ಹೋದದ್ದು ನನಗೆ ಗೊತ್ತು, ಅವನ ಹೆಂಡತಿಯನ್ನು ಹಿಡಿದುಕೊಂಡು ಕೂತವಳೇ ನಾನು. ಆದರೂ ಬಾಗಿಲಲ್ಲಿ ನಿಂತು, "ಆರು ಖರೆ ಏನು ಆಯಿ?" ಎಂದು ಕೇಳಿದೆ.

"ಆರೇ ಮತ್ತ. ತಾಟು ಎಣಿಸು ಬೇಕಾದ್ರ."

ಐದು ಹೆಸರು ಪೆನ್ನಿನಲ್ಲಿ ಬರೆದು ಆರನೆಯದನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಮುಂದೆ ಇನ್ನೂ ಕೆಲವು ಮನೆಗಳಲ್ಲಿ ಹಾಗೆಯೇ ಆಯಿತು. ಕೆಮ್ಮಿ ಸತ್ತವರು, ಕಲ್ಲು ಬಿದ್ದು ಸತ್ತವರು, ವಯಸ್ಸಾಗಿ ಸತ್ತವರೂ ಇದ್ದರು. ಅವರನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ನಮ್ಮ ಮನೆಯನ್ನು ಕೊನೆಗೆ ಉಳಿಸಿಕೊಂಡೆ.

ಸಾಹೇಬರು ತಪಾಸಣೆಗೆ ಬಂದರು. ಮೋಟರ್ ಸೈಕಲ್ ಒಳಗೆ ಬರುವುದಿಲ್ಲವೆಂದು ಗಡಿ ಕಲ್ಲಿನ ಹತ್ತಿರವೇ ನಿಂತು ನನ್ನನ್ನು ಕರೆಸಿದರು. ಹಾಳೆಗಳನ್ನು ಸೀಟಿನ ಮೇಲೆ ಹರಡಿ ನೋಡಿದರು.

"ಇದೇನು ಟೀಚರ್, ಪೆನ್ಸಿಲ್ ಯಾಕ?"

ಪದ್ಧತಿ ವಿವರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು.

"ಮನೆಯವರು ಹೇಳಿದ್ದು ಬರೀಬೇಕು ಅಂತ ಅಲ್ಲೇನು ನಾವು ಹೇಳಿದ್ದು? ಅವರು ಹೇಳ್ಯಾರ, ನೀವು ಬರೀರಿ. ಅವರ ನಂಬಿಕಿಗೆ ನಾವ್ಯಾಕ ಅಡ್ಡ ಬರಬೇಕು? ಪೆನ್ ಹಾಕ್ರಿ."

"ಸತ್ತವರು ಸರ್."

"ಇನ್ನೂ ತಾಟು ಅದ ಅಂದ್ರಿ?" ಆಮೇಲೆ ಏನೋ ನೆನಪಾದವರಂತೆ ಮೆಲ್ಲಗೆ ಅಂದರು, "ನಿಮ್ಮ ಮನ್ಯಾಗೂ ವರ್ಷ ಆಗಿಲ್ಲ ಹೌದಲ್ಲ? ನಿಮ್ಮ ಯಜಮಾನ್ರ ಹೆಸರೂ ಬರೀರಿ. ಐವತ್ತು ಸಾವಿರಕ್ಕ ಸ್ವಲ್ಪದರಾಗ ನಿಂತದ ಟೀಚರ್. ಇಂಥ ಹೆಸರು ಇದ್ರ ನಗರಸಭೆ, ನಗರಸಭೆ ಆದ್ರ ನಿಮ್ಮ ರಸ್ತಾ. ಅವರ ಆತ್ಮಕ್ಕೂ ಸಮಾಧಾನ."

ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಕುಹಕ ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಅವರ ಮೋಟರ್ ಸೈಕಲ್ ನಿಂತಿದ್ದ ಜಾಗದಲ್ಲೇ ಅಂದು ಆಂಬುಲೆನ್ಸ್ ನಿಂತಿತ್ತು.

ಹಾಳೆ ಎದೆಗವಚಿಕೊಂಡು ವಾಪಸು ನಡೆದೆ. ಬರೆದುಬಿಡೋಣ ಅನ್ನಿಸಿತು, ನಿಜ. ಹೋದವರು ಹೋದರು. ಅವರ ಹೆಸರಿನಿಂದ ಈ ದಾರಿ ನೆಟ್ಟಗಾದರೆ ಅವರಿಗೇನು ನಷ್ಟ? ಬದುಕಿದ್ದಾಗ ಆ ದಾರಿಗಾಗಿ ಅವರೇ ಎಷ್ಟು ಸಲ ಅರ್ಜಿ ಹಿಡಿದು ಅಲೆದಿದ್ದರು. ಒಂದು ಹೆಸರು, ಒಂದು ಗೆರೆ. ಮನೆಗೆ ಬರುವ ಹೊತ್ತಿಗೆ ಮನಸ್ಸು ಬಹುತೇಕ ಗಟ್ಟಿಯಾಗಿತ್ತು.

ಅತ್ತೆ ಬಾಗಿಲ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ನಿಯಮದಂತೆ ಬಾಗಿಲಲ್ಲಿ ನಿಂತೆ.

"ಅತ್ತಿ, ಮನ್ಯಾಗ ಎಷ್ಟು ಮಂದಿ ಅದೀವಿ?"

"ನಿನಗ ಗೊತ್ತಿಲ್ಲೇನು?"

"ಕೇಳಿ ಬರಕೋಬೇಕಂತ."

ಅತ್ತೆ ಮೊರ ಕೆಳಗಿಟ್ಟರು. "ಯಾರು ಕೇಳಾಕತ್ತಾರ? ನೀ ಕೇಳಾಕತ್ತಿಯೋ, ಊರವರು ಕೇಳಾಕತ್ತಾರೋ?"

"ಊರವರು."

"ನೀ ಕೇಳಿದ್ರ ಐದು. ಊರವರು ಕೇಳಿದ್ರ ನಾಲ್ಕು."

ನಾನು, ಅತ್ತೆ, ನನ್ನ ಇಬ್ಬರು ಹೆಣ್ಣುಮಕ್ಕಳು. ನಾಲ್ಕು. ನಾನು ಇನ್ನೂ ಪೆನ್ನು ತೆರೆಯದ್ದು ನೋಡಿ ಅತ್ತೆಯೇ ಮುಂದುವರಿಸಿದರು.

"ವರ್ಷ ತುಂಬತನ ನನ್ನ ಮಗ ಈ ಮನ್ಯಾಗ ಇರ್ತಾನ. ಅವನ ತಾಟು ಇಲ್ಲಿ ಅದ. ಆ ಊರಾಗ ಅವನ ತಾಟು ಎಲ್ಲಿ ಅದ? ಉಸಿರಿದ್ದಾಗ ಅರ್ಜಿ ಹಿಡಕೊಂಡು ಹೋದ್ರ ಕಲ್ಲಿನ ಈಚಿ ಕಡಿಯವ ಅಂದ್ರು. ಈಗ ಸತ್ತವ ಅವರಿಗ್ಯಾಕ ಬೇಕಾದ?"

"ರಸ್ತಾ ಆಗ್ತದಂತ ಅತ್ತಿ."

"ಆಗಲಿ. ಇದ್ದವರ ಲೆಕ್ಕದಾಗ ಆಗಲಿ. ನನ್ನ ಮಗನ್ನ ಹಾಸಿ ರಸ್ತಾ ಮಾಡಬ್ಯಾಡ್ರಿ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು. ಹೊಟ್ಟು ನನ್ನ ಕಾಲ ಮೇಲೆ ಹಾರಿತು. ನಾನು ನಾಲ್ಕು ಹೆಸರು ಬರೆದೆ.

ನನ್ನ ಮನೆಯದನ್ನು ನಾನು ನಿರ್ಧರಿಸಬಹುದು, ಉಳಿದವರ ಮನೆಯದನ್ನಲ್ಲ. ಮರುದಿನ ಮಕ್ಕಳನ್ನು ಬಿಟ್ಟ ಮೇಲೆ, ಪೆನ್ಸಿಲಿನ ಹೆಸರಿದ್ದ ಮನೆಯವರನ್ನೆಲ್ಲ ಅಂಗನವಾಡಿಗೆ ಕರೆದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಹೆಸರು ಬಿಟ್ಟರೆ ರಸ್ತೆ ಸಿಗದೆಯೂ ಹೋಗಬಹುದು ಎಂಬುದನ್ನೂ ಸೇರಿಸಿ.

ಮೊದಲು ಮಾತಾಡಿದ್ದು ಗಾಡಿ ಎಳೆಯುವವನು, ನಮ್ಮ ಮನೆಯವರ ಗೆಳೆಯ. ಅವನ ಅಪ್ಪನ ಹೆಸರೂ ಪೆನ್ಸಿಲಿನಲ್ಲಿತ್ತು.

"ನಮ್ಮಪ್ಪ ಬದುಕಿದ್ದಾಗ ಊರ ಸಂತಿಗಿ ಹೋಗಾಕೂ ಬ್ಯಾಸರ ಮಾಡ್ಕೋತಿದ್ದ. ಈಗ ಮಲಗಿದಲ್ಲೇ ನಗರದವ ಆಗಾಕತ್ತಾನ. ಇರಲಿ ಬಿಡು ವೈನಿ, ಪಾಪ."

ಎಲ್ಲರೂ ನಕ್ಕರು. ಆರು ತಾಟಿನ ಮುದುಕಿ ನಗಲಿಲ್ಲ.

"ಊರಾಗ ಸೇರಿದ್ರ ಖಾತ್ರಿ ಕೆಲಸ ಹೋಗ್ತದಂತ," ಅಂದಳು. ಹಳ್ಳಿಯವರಿಗೆಂದು ಸರ್ಕಾರ ಕೊಡುವ ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಕಾಲೊನಿಯ ಹೆಂಗಸರು ಕೆರೆಯ ಹೂಳು ತೆಗೆಯಲು ಹೋಗುತ್ತಿದ್ದರು. "ಸತ್ತವರನ್ನೂ ಕೊಟ್ಟು, ಕೂಲಿನೂ ಕೊಟ್ಟು, ನಾವು ತಗೊಳ್ಳೋದೇನು?"

"ರಸ್ತಾ ತಗೋತೀವಿ ಆಯಿ."

"ನಿನಗ್ಯಾಕೋ ರಸ್ತಾ? ರಸ್ತಾ ಆದ ಮ್ಯಾಲ ನಿನ್ನ ಗಾಡಿ ಯಾರು ಕರೀತಾರ?"

"ಯಾರೂ ಕರೀಬಾರದು ಅಂತಲೇ," ಅಂದ ಅವನು. ಅವನು ನನ್ನ ಕಡೆ ನೋಡಲಿಲ್ಲ.

ಮಾತು ಬಹಳ ಹೊತ್ತು ನಡೆಯಿತು. ಹೆಸರು ಇರಲಿ ಅಂದವರೂ ಇದ್ದರು, ಅವರನ್ನು ನಾನು ತಪ್ಪು ಅನ್ನಲಾರೆ. ಕಡೆಗೆ ನಮ್ಮ ಅತ್ತೆ ಕೊಟ್ಟ ಉತ್ತರವನ್ನು ಹೇಳಿದೆ. ಚಾಚಾ ಬಾಗಿಲ ಹತ್ತಿರ ಕೂತಿದ್ದರು. "ಮನಿ ನಂಬರ್ ನಾ ಕೆತ್ತೀನಿ, ಅದು ಅಳಿಯಂಗಿಲ್ಲ," ಅಂದರು. "ಪೆನ್ಸಿಲ್ ನಿಮ್ಮ ಕೈಯಾಗದ. ಅದಕ್ಕ ನಾ ಏನೂ ಹೇಳಂಗಿಲ್ಲ."

ಗಾಡಿಯವನು ಎದ್ದ. "ಅಳಿಸು ವೈನಿ. ನಮ್ಮಪ್ಪ ಮನ್ಯಾಗೇ ಇರಲಿ." ಅವನ ಹಿಂದೆ ಮುದುಕಿ, ಅವಳ ಹಿಂದೆ ಉಳಿದವರು. ಒಂದೊಂದೇ ಹೆಸರು ಅವರ ಕಣ್ಣೆದುರೇ ಅಳಿಸಿದೆ. ಒಬ್ಬ ಹೆಂಗಸು ರಬ್ಬರಿನ ಕಸವನ್ನು ಸೆರಗಿಗೆ ಹಾಕಿಕೊಂಡಳು.

ಹಾಳೆ ಒಪ್ಪಿಸಲು ಹೋದಾಗ ಸಾಹೇಬರು ಎರಡು ಸಲ ತಿರುವಿ ನೋಡಿದರು.

"ನಿಮ್ಮ ಕಾಲ ಮ್ಯಾಲ ನೀವೇ ಕಲ್ಲು ಹಾಕ್ಕೊಂಡ್ರಿ ಟೀಚರ್."

"ಕಲ್ಲು ನಮಗ ಹೊಸಾದಲ್ರಿ ಸರ್."

"ರಸ್ತಾ ಕೇಳಾಕ ಇಲ್ಲಿ ಬರಬ್ಯಾಡ್ರಿ ಮತ್ತ."

ರಸ್ತೆಯನ್ನು ನಾನೇ ಕಳೆದೆ ಅಂದುಕೊಂಡೆ. ಕೆಲವು ತಿಂಗಳು ಅದೇ ಎದೆಯ ಮೇಲೆ ಕೂತಿತ್ತು. ಆದರೆ ಊರು ನಗರಸಭೆ ಆಗಿಯೇ ಬಿಟ್ಟಿತು. ಐವತ್ತು ಸಾವಿರ ಹೇಗೆ ತುಂಬಿತು, ಯಾವ ಓಣಿಯಿಂದ ಯಾರ ತಾಟು ಬಂತು, ನನಗೆ ಗೊತ್ತಿಲ್ಲ. ಚೌಕದಲ್ಲಿ ಪಟಾಕಿ ಹೊಡೆದರು. ಎಣಿಸಿದವರಿಗೆಲ್ಲ ಪೇಢಾ ಕೊಟ್ಟರು, ನನಗೂ ಕೊಟ್ಟರು. ಕರವಸ್ತ್ರದಲ್ಲಿ ಕಟ್ಟಿ ಮಕ್ಕಳಿಗೆ ತಂದೆ.

ಗಡಿ ಕಲ್ಲು ಕಿತ್ತು, ಕಾಲೊನಿಯನ್ನು ದಾಟಿ ಪಕ್ಕದ ರಾವೂರಿನ ದಿಕ್ಕಿಗೆ ಹೊಸ ಕಮಾನು ನಿಲ್ಲಿಸಿದರು. ನಗರಸಭೆ ತಮ್ಮನ್ನು ಸ್ವಾಗತಿಸುತ್ತದೆ ಎಂದು ಅದರ ಮೇಲೆ ಬರೆದಿದೆ. ನಾವು ಊರೊಳಗೆ ಬಂದೆವು. ಖಾತ್ರಿ ಕೆಲಸ ಅದೇ ತಿಂಗಳು ನಿಂತಿತು, ನೀವು ಈಗ ಹಳ್ಳಿಯವರಲ್ಲ ಅಂದರು. ಚಾಚಾ ಕೊರೆದ ನಂಬರುಗಳು ಮೊದಲು ಉಪಯೋಗಕ್ಕೆ ಬಂದದ್ದು ಮನೆ ಕರದ ಚೀಟಿ ಹಂಚುವವನಿಗೆ. ಇಂಥ ನೆಟ್ಟಗಿನ ನಂಬರು ಊರಿನಲ್ಲೇ ಎಲ್ಲೂ ಇಲ್ಲ, ಒಂದು ಮನೆಯೂ ಹುಡುಕಬೇಕಾಗಲಿಲ್ಲ ಎಂದು ಅವನು ಹೊಗಳಿದ. ಅದನ್ನು ಕೇಳಿ ಚಾಚಾ ಎದ್ದು ಒಳಗೆ ಹೋದರು.

ರಸ್ತೆಗಾಗಿ ನಗರಸಭೆಗೆ ಹೋಗಿ ಕೇಳಿದೆವು, ನಾನೊಬ್ಬಳೇ ಅಲ್ಲ, ಎಲ್ಲರೂ. ಈಗ ಯಾರೂ ನೀವು ನಮ್ಮವರಲ್ಲ ಅನ್ನುವುದಿಲ್ಲ. ಕೂರಿಸಿ ಮಾತಾಡಿಸುತ್ತಾರೆ. ಯೋಜನೆ ಮೇಲಕ್ಕೆ ಹೋಗಿದೆ ಅನ್ನುತ್ತಾರೆ.

ವರ್ಷದ ಎಡೆ ಬಂತು. ಅವರಿಗೆ ಇಷ್ಟದ ಹೋಳಿಗೆ, ಕಟ್ಟಿನ ಸಾರು ಮಾಡಿ ಬಡಿಸಿದೆವು. ಗಾಡಿಯವನೂ ಚಾಚಾನೂ ಬಂದು ಉಂಡರು. ಎಲ್ಲರೂ ಹೋದ ಮೇಲೆ ಅತ್ತೆ ತಾಟನ್ನು ತಾವೇ ತೊಳೆದರು, ಒರೆಸಿದರು, ನನ್ನ ಕೈಗೆ ಕೊಟ್ಟರು. ಮೇಲಿನ ಹಲಗೆಯ ಮೇಲೆ, ಚಾಚಾ ವಾಪಸು ಕೊಟ್ಟಿದ್ದ ಚಾಣದ ಪಕ್ಕ ಇಟ್ಟೆ.

"ಇನ್ನ ಮ್ಯಾಲ ಯಾರು ಕೇಳಿದ್ರೂ ನಾಲ್ಕೇ ನೋಡು," ಅಂದರು ಅತ್ತೆ.

ಆಮೇಲಿನದು ಒಂದು ಮಧ್ಯಾಹ್ನ. ಅತ್ತೆ ಆ ಸಲ ಆಸ್ಪತ್ರೆಯಿಂದ ಉಳಿದು ಬಂದಿದ್ದಾರೆ, ಮೊದಲೇ ಹೇಳಿಬಿಡುತ್ತೇನೆ. ಅವರೂ ಹರೆಯದಲ್ಲಿ ಗಣಿಯಲ್ಲಿ ಚೂರು ಹೊತ್ತವರು, ಅವರ ಎದೆಯಲ್ಲೂ ಅದೇ ಧೂಳು. ಅಂಗನವಾಡಿಗೆ ಹಿರಿಯ ಮಗಳು ಓಡಿ ಬಂದಳು, ಅಜ್ಜಿಗೆ ಮೇಲುಸಿರು ಹತ್ತಿದೆ ಎಂದು. ಫೋನು ಮಾಡಿದೆ. ಯಾವ ಊರು ಎಂದು ಆಚೆಯಿಂದ ಕೇಳಿದರು. ನಗರಸಭೆ ಒಳಗೇ ಎಂದೆ, ವಾರ್ಡ್ ನಂಬರು ಹೇಳಿದೆ, ಮನೆ ನಂಬರು ಹೇಳಿದೆ. ಆಂಬುಲೆನ್ಸ್ ಬೇಗ ಬಂತು. ಮೊದಲು ಗಡಿ ಕಲ್ಲು ಇದ್ದ ಜಾಗದಲ್ಲಿ ನಿಂತಿತು.

ಯಾರೂ ಏನೂ ಹೇಳುವುದು ಬೇಕಾಗಲಿಲ್ಲ. ಗಾಡಿಯವನು ಗಾಡಿ ತಂದ. ಕೌದಿ ಹಾಸಿದೆವು. ಚಾಚಾ ಹಿಂದಿನಿಂದ ತಳ್ಳುತ್ತಿದ್ದರು. ನಾನು ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ನಡೆದೆ. ಪ್ರತಿ ಕಲ್ಲಿಗೂ ಗಾಡಿ ಎತ್ತಿ ಹಾಕಿತು. ಅತ್ತೆ ಕಣ್ಣು ಮುಚ್ಚಿದ್ದರು.

ಅರ್ಧ ದಾರಿಯಲ್ಲಿ ಕಣ್ಣು ತೆರೆಯದೆಯೇ ಕೇಳಿದರು. "ಊರು ಬಂತೇನು?"

"ಊರಾಗೇ ಅದೀವಿ ಅತ್ತಿ."

ಸ್ವಲ್ಪ ದೂರ ಹೋದ ಮೇಲೆ, ಒಂದೊಂದೇ ಮಾತಿಗೆ ಉಸಿರು ಎಳೆದುಕೊಳ್ಳುತ್ತಾ ಅಂದರು. "ಮತ್ತ ಈ ಗಾಡಿ ಯಾಕವ್ವಾ?"

ಗಾಡಿಯವನು ಒಂದು ಕ್ಷಣ ನಿಂತ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಮತ್ತೆ ಎಳೆಯತೊಡಗಿದ.